ಕತ್ತರಿ ಹಿಡಿದವರೆಲ್ಲ ದರ್ಜಿಗಳಲ್ಲ

ಮಕ್ಕಳ ಕಾರ್ಟೂನಿನ ಮಾತು ಬಂದರೆ ನಮ್ಮಲ್ಲಿ ಎರಡೇ ಪಕ್ಷ. ಒಂದು, ‘ಅಯ್ಯೋ, ಆ ದರಿದ್ರ ಕಾರ್ಟೂನಿನಿಂದಲೇ ಮಕ್ಕಳು ಹಾಳಾಗ್ತಿರೋದು, ಮೊದಲು ಅದನ್ನು ನಿಲ್ಲಿಸಿ’ ಎನ್ನುವ ಪಕ್ಷ. ಇನ್ನೊಂದು, ‘ಏನೋ ಗೊಂಬೆ ಕುಣೀತಾವೆ, ನೋಡ್ಕೊಳ್ಳಲಿ ಬಿಡಿ, ಅಷ್ಟು ಹೊತ್ತು ನಮ್ಮ ಕೈಯೂ ಬಿಡುವಾಗುತ್ತೆ’ ಎನ್ನುವ ಪಕ್ಷ. ಮೂವತ್ತು ವರ್ಷಗಳಿಂದ ಪೋಷಕರ ಸಭೆಗಳಲ್ಲಿ ನಾನು ಈ ಎರಡೂ ವಾದಗಳನ್ನು ಕೇಳುತ್ತ ಬಂದಿದ್ದೇನೆ. ತಮಾಷೆಯೆಂದರೆ ಎಷ್ಟೋ ಸಲ ಎರಡೂ ಪಕ್ಷಕ್ಕೆ ಸೇರಿದವರು ಒಬ್ಬರೇ ಆಗಿರುತ್ತಾರೆ. ಪರೀಕ್ಷೆಯ ತಿಂಗಳಲ್ಲಿ ಮೊದಲನೆಯ ಪಕ್ಷ, ಕುಕ್ಕರ್ ಕೂಗುವ ಹೊತ್ತಿನಲ್ಲಿ ಎರಡನೆಯದು. ಇಬ್ಬರೂ ಕೇಳದ ಪ್ರಶ್ನೆ ಒಂದಿದೆ. ನಮ್ಮ ಮಕ್ಕಳು ಏನು ನೋಡಬೇಕೆಂದು ಆರಿಸುವವರು ಯಾರು? ಏನನ್ನು ಮನಸ್ಸಿನಲ್ಲಿಟ್ಟುಕೊಂಡು ಆರಿಸುತ್ತಾರೆ?

ಮಗುವಿಗೆ ಎಣ್ಣೆ ಯಾವುದು, ಸೋಪು ಯಾವುದು ಎಂದು ನಾವು ಎಷ್ಟು ವಿಚಾರಿಸುತ್ತೇವೆ! ಪಠ್ಯಪುಸ್ತಕದಲ್ಲಿ ಒಂದು ಪಾಠ ಬಂದರೆ, ಒಂದು ಪಾಠ ಹೋದರೆ ಎಷ್ಟು ಗಲಾಟೆ ಆಗುತ್ತದೆಂಬುದನ್ನು 2022ರಲ್ಲಿ ನಮ್ಮ ರಾಜ್ಯವೆಲ್ಲ ಕಂಡಿದೆ. ಆಗಲಿ, ಆಗಬೇಕಾದದ್ದೇ. ಆದರೆ ಮಗು ಪಠ್ಯಪುಸ್ತಕ ಹಿಡಿಯುವುದು ನಾವು ಬೈದಾಗ. ಕಾರ್ಟೂನು ನೋಡುವುದು ತಾನಾಗಿ, ಕಣ್ಣು ಮಿಟುಕಿಸದೆ, ಬಾಯಿಗೆ ಹೋಗುವ ತುತ್ತನ್ನೂ ಮರೆತು. ಅದನ್ನು ಆರಿಸುವುದಕ್ಕೆ ಯಾವ ಸಮಿತಿಯೂ ಇಲ್ಲ, ಆರಿಸಿದ್ದಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ‘ಮಕ್ಕಳ ವಿಷಯ ತಾನೇ’ ಎಂಬ ಒಂದು ಮಾತಿನಲ್ಲಿ ಮುಗಿದುಹೋಗುತ್ತದೆ.

ಈ ಆರಿಸುವ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದರೆ ಅಮೆರಿಕದ ಶನಿವಾರದ ಬೆಳಗನ್ನು ನೋಡಬೇಕು. ನಮ್ಮಲ್ಲಿ ಶನಿವಾರವೆಂದರೆ ಬೆಳಗಿನ ಶಾಲೆ. ಹಾಗಾಗಿ ದೂರದರ್ಶನದ ಕಾಲದಲ್ಲಿ ಮಕ್ಕಳ ಪಾಲಿಗೆ ಸಿಕ್ಕಿದ್ದು ಭಾನುವಾರ. ಅಲ್ಲಿ ಶನಿವಾರ ಪೂರ್ತಿ ರಜೆ. 1960ರ ದಶಕದಿಂದ ಸಿಬಿಎಸ್, ಎಬಿಸಿ, ಎನ್‌ಬಿಸಿ ಎಂಬ ಮೂರು ದೊಡ್ಡ ಟಿ.ವಿ. ಸಂಸ್ಥೆಗಳು ಶನಿವಾರದ ಬೆಳಗನ್ನು ಕಾರ್ಟೂನುಗಳಿಗೆಂದೇ ಬಿಟ್ಟುಕೊಟ್ಟವು. ಅಪ್ಪ ಅಮ್ಮ ಇನ್ನೂ ಹಾಸಿಗೆಯಲ್ಲಿ, ಮಕ್ಕಳು ಟಿ.ವಿ. ಮುಂದೆ. ನಡುನಡುವೆ ಸಕ್ಕರೆ ಮೆತ್ತಿದ ಬೆಳಗಿನ ತಿಂಡಿಯ ಜಾಹೀರಾತು, ಆಟಿಕೆಯ ಜಾಹೀರಾತು. ಮನೆಯಲ್ಲಿ ಹಿರಿಯರಿಲ್ಲದ ಹೊತ್ತು ನೋಡಿ ಬಾಗಿಲು ತಟ್ಟುವ ವ್ಯಾಪಾರಿಯನ್ನು ನಾವು ಒಳ್ಳೆಯವನೆನ್ನುತ್ತೇವೆಯೇ? ಅಲ್ಲಿ ಅದಕ್ಕೆ ‘ಮಕ್ಕಳ ಕಾರ್ಯಕ್ರಮ’ ಎಂದು ಹೆಸರಿಟ್ಟರು.

1968ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂಟನ್ ಎಂಬ ಊರಿನಲ್ಲಿ ಪೆಗಿ ಚಾರೆನ್ ಎಂಬ ತಾಯಿ, ಇನ್ನು ಕೆಲವು ಹೆಂಗಸರನ್ನು ತನ್ನ ಮನೆಗೆ ಕರೆದು ಇದರ ಬಗ್ಗೆ ಮಾತಾಡಿದಳು. ಆಕೆಗೆ ಎರಡು ಹೆಣ್ಣುಮಕ್ಕಳು. ಮನೆಯ ನಡುಮನೆಯಲ್ಲಿ ಹುಟ್ಟಿದ ಆ ಸಂಘ ಮುಂದೆ ದೇಶದ ಪ್ರಸಾರ ಆಯೋಗದ ಎದುರಿಗೇ ಅರ್ಜಿ ಹಿಡಿದು ನಿಂತಿತು. ಮಕ್ಕಳ ಕಾರ್ಯಕ್ರಮದ ನಡುವೆ ವಿಟಮಿನ್ ಗುಳಿಗೆಗಳನ್ನು ಮಿಠಾಯಿಯ ಹಾಗೆ ತೋರಿಸಿ ಮಾರುತ್ತಿದ್ದ ಕಂಪನಿಗಳು 1972ರಲ್ಲಿ ಆ ಜಾಹೀರಾತು ನಿಲ್ಲಿಸಬೇಕಾಯಿತು. ಆದರೆ ನನಗೆ ಆಕೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಬೇರೆ. ಇಂಥ ಕಾರ್ಯಕ್ರಮವನ್ನು ನಿಷೇಧಿಸಿ ಎಂದು ಆಕೆ ಕೇಳಲಿಲ್ಲ. ನಿಷೇಧ ಎಂಬ ಮಾತನ್ನೇ ಆಕೆ ಒಪ್ಪುತ್ತಿರಲಿಲ್ಲ. ಕೆಟ್ಟದ್ದನ್ನು ಕತ್ತರಿಸಿ ಎನ್ನುವುದಕ್ಕಿಂತ ಒಳ್ಳೆಯದನ್ನು ಹೆಚ್ಚಿಗೆ ಕೊಡಿ, ಮಕ್ಕಳ ಮುಂದೆ ವ್ಯಾಪಾರ ಕಡಿಮೆ ಮಾಡಿ ಎಂಬುದು ಆಕೆಯ ಹಟ. ಬೈಯುವುದು ಸುಲಭ, ಹೀಗೆ ಕೇಳುವುದು ಕಷ್ಟ. ಕೇಳುವುದಕ್ಕೆ ಒಳ್ಳೆಯದು ಯಾವುದೆಂದು ಮೊದಲು ಗೊತ್ತಿರಬೇಕು.

ಆ ಹಟಕ್ಕೆ ಎದುರಾಳಿಗಳೂ ಗಟ್ಟಿಯಾಗಿಯೇ ಸಿಕ್ಕರು. 1984ರಲ್ಲಿ ಅಲ್ಲಿನ ಪ್ರಸಾರ ಆಯೋಗ ಜಾಹೀರಾತಿನ ಮಿತಿಯನ್ನೇ ತೆಗೆದುಹಾಕಿತು. ಅಷ್ಟು ಹೊತ್ತಿಗೆ ‘ಹೀ-ಮ್ಯಾನ್’ ಬಂದಿದ್ದ. ನಮ್ಮ ದೂರದರ್ಶನದಲ್ಲೂ ಬಂದವನೇ, ಕತ್ತಿ ಎತ್ತಿ ಕೂಗುತ್ತಿದ್ದ, ಮೈತುಂಬ ಮಾಂಸಖಂಡದ ಆ ಗಂಡಸು ಹಲವರಿಗೆ ನೆನಪಿರಬಹುದು. ಮಾಟೆಲ್ ಎಂಬ ಆಟಿಕೆ ಕಂಪನಿ 1982ರಲ್ಲಿ ಮೊದಲು ಗೊಂಬೆಯನ್ನು ಅಂಗಡಿಗೆ ತಂದಿತು; ಟಿ.ವಿ.ಯ ಕಥೆ ಬಂದದ್ದು ಆಮೇಲೆ, 1983ರಲ್ಲಿ. ಕಥೆ ಇಷ್ಟವಾಗಿ ಮಗು ಗೊಂಬೆ ಕೇಳಿದರೆ ಅದೊಂದು ಮಾತು. ಗೊಂಬೆ ಮಾರುವುದಕ್ಕಾಗಿಯೇ ಕಥೆ ಹೊಸೆದರೆ ಅದು ಕಥೆಯಲ್ಲ, ಅರ್ಧ ಗಂಟೆಯ ಜಾಹೀರಾತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಹೇಳುವುದು?

ಕೊನೆಗೆ 1990ರಲ್ಲಿ ಕಾನೂನು ಬಂತು. ಶನಿವಾರ, ಭಾನುವಾರಗಳಂದು ಮಕ್ಕಳ ಕಾರ್ಯಕ್ರಮದಲ್ಲಿ ಗಂಟೆಗೆ ಹತ್ತೂವರೆ ನಿಮಿಷಕ್ಕಿಂತ ಹೆಚ್ಚು ಜಾಹೀರಾತು ಬೇಡ, ಮಕ್ಕಳಿಗೆ ತಿಳಿವು ಕೊಡುವಂಥದ್ದೂ ಇರಲಿ ಎಂದಿತು ಕಾನೂನು. ಆಗ ಕೆಲವು ಟಿ.ವಿ. ಕೇಂದ್ರದವರು ಏನು ಮಾಡಿದರು ಗೊತ್ತೇ? ‘ಜೆಟ್ಸನ್ಸ್’ ಎಂಬ ಹಳೆಯ ನಗೆ ಕಾರ್ಟೂನನ್ನೇ ತೋರಿಸಿ, ‘ಇದು ಮುಂದಿನ ಕಾಲದ ಬದುಕನ್ನು ಕಲಿಸುತ್ತದೆ, ಇದೇ ವಿದ್ಯೆ’ ಎಂದು ಲೆಕ್ಕ ಒಪ್ಪಿಸಿದರು! ಮನೆಪಾಠ ಬರೆಯದ ಹುಡುಗ ಹಳೆಯ ಪುಸ್ತಕಕ್ಕೆ ಹೊಸ ರಟ್ಟು ಹಾಕಿಕೊಂಡು ಬಂದ ಹಾಗೆ. ಮೇಷ್ಟ್ರುಗಿರಿ ಮಾಡಿದ ನಮಗೆ ಇಂಥ ಉಪಾಯ ಹೊಸದಲ್ಲ. 1996ರಲ್ಲಿ ವಾರಕ್ಕೆ ಮೂರು ಗಂಟೆ ಎಂದು ಅಳತೆ ಗೊತ್ತುಮಾಡಬೇಕಾಯಿತು. ಅಷ್ಟರಲ್ಲಿ ದುಡ್ಡು ಕೇಬಲ್ಲಿನ ಕಡೆ ಹರಿಯಲು ಶುರುವಾಗಿತ್ತು. ದೊಡ್ಡ ಸಂಸ್ಥೆಗಳು ಒಂದೊಂದಾಗಿ ಶನಿವಾರದ ಕಾರ್ಟೂನು ಕೈಬಿಟ್ಟವು. ಕಟ್ಟಕಡೆಯ ಸಾಲು ಮುಗಿದದ್ದು 2014ರ ಸೆಪ್ಟೆಂಬರಿನಲ್ಲಿ.

ಇದಿಷ್ಟು ವ್ಯಾಪಾರದ ಮಾತಾಯಿತು. ಇನ್ನು ಕತ್ತರಿಯ ಮಾತು. ಜಪಾನಿನವರ ಕಾರ್ಟೂನುಗಳಿಗೆ ಅನಿಮೆ ಎನ್ನುತ್ತಾರೆ. ಶನಿವಾರದ ಬೆಳಗಿಗೆ ಇವನ್ನು ಆರಿಸಿ ತಂದವರು ತಂದಂತೆ ತೋರಿಸಲಿಲ್ಲ. ‘ಪೋಕೆಮಾನ್’ 1997ರಲ್ಲಿ ಜಪಾನಿನಲ್ಲಿ ಶುರುವಾಗಿ 1998ರಲ್ಲಿ ಅಮೆರಿಕಕ್ಕೆ ಬಂತು. ಅದರಲ್ಲಿ ಹುಡುಗರು ದಾರಿಯಲ್ಲಿ ಕೂತು ಬುತ್ತಿ ಬಿಚ್ಚುತ್ತಾರೆ. ಬುತ್ತಿಯಲ್ಲಿರುವುದು ಅನ್ನದ ಉಂಡೆ, ಅವರ ನಾಡಿನ ಕೈತುತ್ತು. ಇಂಗ್ಲಿಷ್ ಮಾತು ಕೂಡಿಸಿದ ಫೋರ್ಕಿಡ್ಸ್ ಕಂಪನಿ ಆ ಉಂಡೆ ಹಿಡಿದ ಹುಡುಗನ ಬಾಯಲ್ಲಿ ‘ಜಾಮು ತುಂಬಿದ ಡೋನಟ್’ ಎನ್ನಿಸಿತು! ಕಣ್ಣಿಗೆ ಕಾಣುವುದು ಬಿಳಿಯ ಅನ್ನ, ಕಿವಿಗೆ ಕೇಳುವುದು ಡೋನಟ್. ಮುಂದೆ ಕೆಲವು ಕಂತುಗಳಲ್ಲಿ ಅನ್ನದುಂಡೆಯನ್ನು ಅಳಿಸಿ ಸ್ಯಾಂಡ್‌ವಿಚ್ಚನ್ನೇ ಬರೆದರು. 2004ರಲ್ಲಿ ‘ಒನ್ ಪೀಸ್’ ತಂದಾಗ ಒಬ್ಬನ ಬಾಯಲ್ಲಿದ್ದ ಸಿಗರೇಟು ತೆಗೆದು ಲಾಲಿಪಾಪ್ ಇಟ್ಟರು. ಸಿಗರೇಟಿನ ಮಾತು ಒಪ್ಪೋಣ, ತಾಯಿಯಾದವಳು ಅದಕ್ಕೆ ಬೇಡ ಎನ್ನಲಾರಳು. ಆದರೆ ಅನ್ನ ಏನು ಮಾಡಿತ್ತು?

ಅನ್ನ ತಿನ್ನುವ ನಾವು ಇದನ್ನು ನಕ್ಕು ಬಿಡಬಾರದು. ಬೇರೆ ನಾಡಿನ ಮಗು ಬೇರೆ ಊಟ ಉಣ್ಣುತ್ತದೆ, ಬೇರೆ ಹೆಸರಿಟ್ಟುಕೊಂಡಿರುತ್ತದೆ, ಆದರೂ ನನ್ನ ಹಾಗೇ ಅಳುತ್ತದೆ, ನಗುತ್ತದೆ ಎಂದು ತಿಳಿಯುವುದಕ್ಕೆ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿತ್ತು? ಆ ಪಾಠವನ್ನೇ ಕತ್ತರಿಸಿದರು. ಇದೇ ಕಾರ್ಯಕ್ರಮದಲ್ಲಿ ‘ಎಲ್ಲವನ್ನೂ ಹಿಡಿದು ಕೂಡಿಸಿಕೋ’ ಎಂಬ ಉಪದೇಶ ಮಾತ್ರ ಒಂದಕ್ಷರವೂ ಕತ್ತರಿಸದೆ ಉಳಿಯಿತು, ಯಾಕೆಂದರೆ ಅದರಿಂದ ಚೀಟಿಗಳು, ಗೊಂಬೆಗಳು ಮಾರಾಟವಾಗುತ್ತಿದ್ದವು. ಆ ಉಪದೇಶ ನಮ್ಮೂರಿಗೂ ಬಂತು. 2000ದ ದಶಕದಲ್ಲಿ ಚಿಪ್ಸ್ ಪ್ಯಾಕೆಟ್ಟಿನೊಳಗೆ ಪೋಕೆಮಾನ್ ಬಿಲ್ಲೆ ಇಟ್ಟು ಮಾರಿದ್ದು ಆಗ ಮಕ್ಕಳನ್ನು ಸಾಕಿದವರಿಗೆಲ್ಲ ಗೊತ್ತು. ಚಿಪ್ಸ್ ಚೆಲ್ಲಿ ಬಿಲ್ಲೆ ಇಟ್ಟುಕೊಂಡ ಮಕ್ಕಳನ್ನು ನನ್ನ ತರಗತಿಯಲ್ಲೇ ಕಂಡಿದ್ದೇನೆ. ಅನ್ನಕ್ಕೆ ಕತ್ತರಿ, ದುರಾಸೆಗೆ ಆರತಿ. ಇದು ಇವರ ಆಯ್ಕೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಇನ್ನೂ ಚೆನ್ನಾಗಿದೆ. ‘ಕಾರ್ಡ್‌ಕ್ಯಾಪ್ಟರ್ ಸಕುರಾ’ ಎಂಬ ಕಥೆಯನ್ನು ಬರೆದವರು ಕ್ಲ್ಯಾಂಪ್ ಎಂಬ ಹೆಸರಿನಲ್ಲಿ ಒಟ್ಟಿಗೆ ಕೆಲಸ ಮಾಡುವ ನಾಲ್ವರು ಹೆಂಗಸರು. ಸಕುರಾ ಹತ್ತು ವರ್ಷದ ಹುಡುಗಿ. ಅವಳು ತಾನೇ ತೆರೆದ ಪುಸ್ತಕದಿಂದ ಮಾಯಾಚೀಟಿಗಳು ಹಾರಿಹೋಗುತ್ತವೆ. ಅವನ್ನು ಹಿಡಿದು ತರುವ ಹೊಣೆ ಅವಳದೇ. ಹೆದರುತ್ತಾಳೆ, ಆದರೂ ಹೋಗುತ್ತಾಳೆ. 1998ರಲ್ಲಿ ಜಪಾನಿನ ಎನ್‌ಎಚ್‌ಕೆ ಇದನ್ನು ತೋರಿಸಿತು. 2000ದಲ್ಲಿ ಇದು ಅಮೆರಿಕದ ಶನಿವಾರದ ಸಾಲಿಗೆ ಬಂದಾಗ ಮೊದಲು ಹೋದದ್ದು ಹೆಸರಿನಲ್ಲಿದ್ದ ‘ಸಕುರಾ’. ಆಮೇಲೆ ಹೋದದ್ದು ಮೊದಲ ಏಳು ಕಂತು. ಅಲ್ಲಿ ಕಥೆ ಶುರುವಾದದ್ದು ಎಂಟನೆಯ ಕಂತಿನಿಂದ, ಯಾಕೆಂದರೆ ಒಬ್ಬ ಹುಡುಗ ಕಥೆಯೊಳಗೆ ಕಾಲಿಡುವುದು ಅಲ್ಲಿಂದ. ಹುಡುಗಿಯ ಕಥೆಯನ್ನು ಹುಡುಗರು ನೋಡುವುದಿಲ್ಲ, ಹುಡುಗರ ಕಥೆಯನ್ನಾದರೆ ಹುಡುಗಿಯರೂ ನೋಡುತ್ತಾರೆ ಎಂಬ ಹಳೆಯ ಲೆಕ್ಕ. ಹೌದು, ನೋಡುತ್ತಾರೆ. ಬೇರೆ ಏನೂ ಇಲ್ಲದಿದ್ದರೆ ನೋಡದೆ ಏನು ಮಾಡುತ್ತಾರೆ? ಗಂಡಸರ ಪಂಕ್ತಿ ಎದ್ದ ಮೇಲೆ ಉಳಿದದ್ದನ್ನು ಬಡಿಸಿಕೊಂಡು ಉಂಡ ನಮಗೆ ಯಾರೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕಂತುಗಳಲ್ಲಿ ರಕ್ತವಿರಲಿಲ್ಲ, ಕೆಟ್ಟ ಮಾತಿರಲಿಲ್ಲ. ಅವುಗಳಲ್ಲಿದ್ದ ಒಂದೇ ದೋಷವೆಂದರೆ ಒಬ್ಬಳು ಹುಡುಗಿ ಒಬ್ಬಳೇ ಎಲ್ಲ ಕೆಲಸ ಮಾಡುತ್ತಿದ್ದದ್ದು.

ಹಾಗಂತ ಏನು ಬೇಕಾದರೂ ತೋರಿಸಲಿ ಎಂದು ನಾನು ಹೇಳುತ್ತಿಲ್ಲ. ಕಾಯಬೇಕಾದಲ್ಲಿ ಕಾಯಲೇಬೇಕು. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬೆಳಕು ಮಿಂಚಿ ಮಿಂಚಿ ಸುಮಾರು 685 ಮಂದಿ ಆಸ್ಪತ್ರೆ ಸೇರಿದರು, ಅವರಲ್ಲಿ ಹೆಚ್ಚಿನವರು ಮಕ್ಕಳು. ಕೆಲವರಿಗೆ ಸೆಳವು ಬಂದಿತ್ತು. ಕಾರ್ಯಕ್ರಮವನ್ನು ನಾಲ್ಕು ತಿಂಗಳು ನಿಲ್ಲಿಸಿದರು, ಕಾರಣ ಹುಡುಕಿದರು, ಬೆಳಕು ಎಷ್ಟು ಬೇಗ ಮಿನುಗಬಹುದು ಎಂಬುದಕ್ಕೆ ನಿಯಮ ಮಾಡಿದರು. ಆಮೇಲೆ ಕಥೆ ಮುಂದುವರಿಯಿತು. ಕಾಯುವುದೆಂದರೆ ಇದು. ಮಗುವಿಗೆ ಪೆಟ್ಟಾದದ್ದು ಎಲ್ಲಿ ಎಂದು ನೋಡಿ ಅಲ್ಲಿಗೇ ಮದ್ದು ಹಚ್ಚುವುದು. ನಮ್ಮಲ್ಲಿ 2008ರಲ್ಲಿ ‘ಶಿನ್-ಚಾನ್’ ತುಂಟತನ ಅತಿಯಾಯಿತೆಂದು ಕೇಂದ್ರ ಸರ್ಕಾರ ಅದನ್ನು ನಿಲ್ಲಿಸಿತು. ಮರುವರ್ಷ ಕತ್ತರಿಸಿಕೊಂಡು ಮತ್ತೆ ಬಂತು. ನಿಲ್ಲಿಸಿದ ಜಾಗದಲ್ಲಿ ಮಕ್ಕಳಿಗೆ ಏನು ಕೊಡಬೇಕೆಂದು ಯಾರಾದರೂ ಕೂತು ಚರ್ಚಿಸಿದರೇ? ಎಲೆಯ ಮೇಲಿಂದ ಒಂದನ್ನು ತೆಗೆದರೆ ಇನ್ನೊಂದನ್ನು ಬಡಿಸಬೇಕೆಂಬುದು ಅಡುಗೆ ಮಾಡುವವರಿಗೆ ಗೊತ್ತು, ಅಪ್ಪಣೆ ಕೊಡುವವರಿಗೆ ಗೊತ್ತಿಲ್ಲ.

ಒಳ್ಳೆಯ ಆಯ್ಕೆ ಎಂಬುದು ಸಾಧ್ಯವೇ ಎಂದು ಕೇಳುವವರಿದ್ದಾರೆ. ಸಾಧ್ಯ, ಮತ್ತು ಅದನ್ನು ಮಾಡಿ ತೋರಿಸಿದವರೂ ಜಪಾನಿನವರೇ. ಅಲ್ಲಿನ ಫ್ಯೂಜಿ ಟಿ.ವಿ.ಯಲ್ಲಿ ಭಾನುವಾರ ಸಂಜೆ ಏಳೂವರೆಗೆ ಮಕ್ಕಳ ಪುಸ್ತಕಗಳಿಂದ ಆರಿಸಿದ ಕಥೆಗಳು ಬರುತ್ತಿದ್ದವು. ಒಂದು ವರ್ಷಕ್ಕೆ ಒಂದೇ ಕಥೆ, ವಾರಕ್ಕೊಂದು ಕಂತು. 1974ರಲ್ಲಿ ‘ಹೈಡಿ’. ಇಸಾವೊ ತಕಹಾತ ನಿರ್ದೇಶಿಸಿದ್ದು. ಅದಕ್ಕಾಗಿ ಅವರು, ಹಯಾವೊ ಮಿಯಾಜಾಕಿ ಮೊದಲಾದ ಸಂಗಡಿಗರು 1973ರಲ್ಲಿ ಸ್ವಿಟ್ಜರ್ಲೆಂಡಿಗೇ ಹೋಗಿ ಬೆಟ್ಟ, ಮನೆ, ಹುಲ್ಲುಗಾವಲು ನೋಡಿ ಬಂದರು. ಹೈಡಿ ಏನು ಮಾಡುತ್ತಾಳೆ? ಬೆಟ್ಟ ಹತ್ತುತ್ತಾಳೆ, ಮೇಕೆ ಹಿಂದೆ ಓಡುತ್ತಾಳೆ, ಒಲೆಯ ಮುಂದೆ ಕೂತು ಅಜ್ಜ ಬೆಂಕಿಗೆ ಹಿಡಿದು ಕರಗಿಸಿದ ಚೀಸು ತಿನ್ನುತ್ತಾಳೆ. 1976ರಲ್ಲಿ, ಇಟಲಿಯ ಜಿನೋವಾದಿಂದ ಅರ್ಜೆಂಟೀನಾಕ್ಕೆ ದುಡಿಯಲು ಹೋದ ತಾಯಿಯನ್ನು ಹುಡುಕಿ ಹೊರಟ ಮಾರ್ಕೊ ಎಂಬ ಹುಡುಗನ ಕಥೆ. 1979ರಲ್ಲಿ, ಕೆನಡಾದ ಅನಾಥ ಹುಡುಗಿ ಆ್ಯನ್ ಕಥೆ. ಕತ್ತಿಯಿಲ್ಲ, ರಾಕ್ಷಸನಿಲ್ಲ. ಬಡತನವಿದೆ, ಹಟವಿದೆ, ದುಡಿಮೆಯಿದೆ. ಮಕ್ಕಳು ನೋಡಿದರು, ದೇಶದೇಶಗಳಲ್ಲಿ ನೋಡಿದರು.

‘ಅವರಿಗೇನು, ದುಡ್ಡಿನ ಚಿಂತೆ ಇರಲಿಲ್ಲ’ ಎನ್ನಬೇಡಿ. ಹೈಡಿಯ ಪ್ರಾಯೋಜಕರು ಕ್ಯಾಲ್ಪಿಸ್ ಎಂಬ ಪಾನೀಯದ ಕಂಪನಿ. ಅವರೂ ಮಾರುವವರೇ. ಆದರೆ ತಮ್ಮ ಬಾಟಲಿಯನ್ನು ಹೈಡಿಯ ಕೈಗೆ ಕೊಟ್ಟು ಬೆಟ್ಟ ಹತ್ತಿಸಲಿಲ್ಲ. ಒಳ್ಳೆಯ ಕಥೆ ಹೇಳಿಸಿದವರು ಎಂಬ ಹೆಸರು ಬಂದರೆ ಸಾಕೆಂದರು. ವ್ಯಾಪಾರಿಗೂ ಮರ್ಯಾದೆ ಎಂಬುದೊಂದು ಇರಲು ಸಾಧ್ಯ, ನಾವು ಕೇಳಬೇಕು ಅಷ್ಟೆ. ‘ಇಷ್ಟು ನಿಧಾನದ್ದನ್ನು ಈಗಿನ ಮಕ್ಕಳು ನೋಡುವುದಿಲ್ಲ’ ಎಂಬ ಮಾತನ್ನಂತೂ ನಾನು ಒಪ್ಪುವವಳೇ ಅಲ್ಲ. ಕೊನೆಯ ಪೀರಿಯಡ್ಡಿನಲ್ಲಿ, ಹಸಿವಾಗಿ, ಗಂಟೆಯ ಕಡೆ ಕಿವಿಯಿಟ್ಟು ಕೂತ ನಾಲ್ಕನೇ ತರಗತಿಯ ಮಕ್ಕಳಿಗೆ ಕಥೆ ಓದಿ ನೋಡಿ. ಗಂಟೆ ಹೊಡೆದರೂ ‘ಮಿಸ್, ಆಮೇಲೆ?’ ಎನ್ನುತ್ತವೆ. ಅವಸರ ಮಕ್ಕಳದ್ದಲ್ಲ, ಮಾರುವವರದ್ದು.

ಈಗ ನಮ್ಮ ಮನೆಗೆ ಬರೋಣ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಿಗ್ಗೆ ‘ಜಂಗಲ್ ಬುಕ್’ ಬಂದಾಗ ಬೀದಿಯಲ್ಲಿ ಒಂದು ಮಗುವೂ ಇರುತ್ತಿರಲಿಲ್ಲ. ಅದೂ ಅನಿಮೆಯೇ, ಜಪಾನಿನ ನಿಪ್ಪಾನ್ ಅನಿಮೇಷನ್ ಮಾಡಿದ್ದು. ಕಥೆ ನಮ್ಮದೇ ಮಧ್ಯಪ್ರದೇಶದ ಸಿವನಿ ಕಾಡಿನದು, ಬರೆದವನು ಇಂಗ್ಲಿಷರವನು, ಚಿತ್ರ ಬರೆದವರು ಜಪಾನಿನವರು. ಇಷ್ಟು ಸುತ್ತಿ ಮನೆಗೆ ಬಂದ ಮೋಗ್ಲಿ ಮಾತಾಡಿದ್ದು ಹಿಂದಿ. ಗುಲ್ಜಾರರ ಹಾಡು, ನಾನಾ ಪಾಟೇಕರರ ದನಿ, ಎಲ್ಲ ಸೊಗಸು. ಹಿಂದಿಯವರು ತಮ್ಮ ಮಕ್ಕಳಿಗಾಗಿ ತಮ್ಮ ಒಳ್ಳೆಯ ಕವಿಯನ್ನೇ ಕರೆದರಲ್ಲ, ಅದು ದೊಡ್ಡತನ. ನಮ್ಮ ಮಕ್ಕಳಿಗಾಗಿ ಯಾರು ಯಾರನ್ನು ಕರೆದರು? ಕರೆಯುವುದಿರಲಿ, ಬಾಗಿಲನ್ನೇ ಹಾಕಿಕೊಂಡೆವು. ಡಬ್ಬಿಂಗ್ ಬಂದರೆ ಕನ್ನಡ ಚಿತ್ರರಂಗದವರ ಅನ್ನ ಹೋಗುತ್ತದೆ ಎಂಬ ಅಂಜಿಕೆ ಹುಟ್ಟಿದ ಕಾಲದಲ್ಲಿ ಅದಕ್ಕೆ ಕಾರಣವಿತ್ತು, ಅಲ್ಲಗಳೆಯುವುದಿಲ್ಲ. ಆದರೆ ಆ ಅಂಜಿಕೆಗೆ ನಾವು ಬಲಿಕೊಟ್ಟದ್ದು ಮಕ್ಕಳ ಕಿವಿಯನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತಾಯಿತು. 2009ರಲ್ಲಿ ‘ಚಿಂಟು ಟಿ.ವಿ.’ ಬರುವವರೆಗೆ ಕನ್ನಡದ ಮಕ್ಕಳಿಗೆಂದು ಕನ್ನಡದಲ್ಲೇ ಮಾತಾಡುವ ಒಂದು ಕಾರ್ಟೂನ್ ಚಾನೆಲ್ ಇರಲಿಲ್ಲ. ಡಬ್ಬಿಂಗ್ ತಡೆಯುವುದು ತಪ್ಪೆಂದು ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಆಟದ ಬಯಲಿನಲ್ಲಿ ‘ಬಚಾವೋ’ ಎಂದು ಕೂಗುತ್ತ ಬೆಳೆದಿತ್ತು.

ಬಾಂಗ್ಲಾದೇಶದಲ್ಲೂ ಹೀಗೇ ಆಯಿತು. ಮಕ್ಕಳು ‘ಡೋರೆಮಾನ್’ ನೋಡಿ ಹಿಂದಿ ಮಾತಾಡಲು ತೊಡಗಿದರೆಂದು 2013ರಲ್ಲಿ ಅಲ್ಲಿನ ಸರ್ಕಾರ ಹಿಂದಿ ಡೋರೆಮಾನನ್ನು ನಿಲ್ಲಿಸಿತು. ಭಾಷೆಗಾಗಿ ಪ್ರಾಣ ಕೊಟ್ಟವರ ನಾಡು, ಅವರ ಸಂಕಟ ಅರ್ಥವಾಗುತ್ತದೆ. ಆದರೆ ತಾಯಂದಿರೇ, ಮಗು ಹಿಂದಿಯನ್ನು ಬಯಸಿ ಕೂತಿರಲಿಲ್ಲ, ಅದು ಬಯಸಿದ್ದು ಡೋರೆಮಾನನ್ನು. ಅವನು ಯಾವ ಭಾಷೆಯಲ್ಲಿ ಸಿಕ್ಕನೋ ಆ ಭಾಷೆ ಕಲಿಯಿತು. ಮಗುವಿನ ಭಾಷೆ ಉಳಿಯಬೇಕಾದರೆ ಅದಕ್ಕೆ ಬೇಕಾದವರೆಲ್ಲ ಅದರ ಭಾಷೆಯಲ್ಲಿ ಮಾತಾಡಬೇಕು. ನವೆಂಬರಿನಲ್ಲಿ ಬಾವುಟ ಹಾರಿಸಿ, ಮಿಕ್ಕ ಹನ್ನೊಂದು ತಿಂಗಳು ಮಗುವನ್ನು ಸಿಕ್ಕಿದ ಭಾಷೆಯ ಕೈಗೆ ಒಪ್ಪಿಸಿದರೆ ಆಗುವ ಕೆಲಸವಲ್ಲ ಇದು. ಹಾಗೆ ಕನ್ನಡ ಮಾತು ಕೂಡಿಸುವಾಗಲೂ ಗ್ರಂಥದ ಕನ್ನಡ ತಂದು ಸುರಿಯಬಾರದು. ಕಾರ್ಟೂನಿನ ಅಜ್ಜಿ ನಮ್ಮ ಅಜ್ಜಿಯ ಹಾಗೆ ಬೈಯಬೇಕು. ಧಾರವಾಡದ ಬೈಗುಳ, ಮಂಡ್ಯದ ಬೈಗುಳ, ಕುಂದಾಪುರದ ಬೈಗುಳ ಎಲ್ಲ ಮಕ್ಕಳ ಕಿವಿಗೆ ಬೀಳಲಿ.

ಈಗ ಶನಿವಾರದ ಸಾಲೂ ಇಲ್ಲ, ಭಾನುವಾರದ ಸಾಲೂ ಇಲ್ಲ. ಮಗುವಿನ ಕೈಯಲ್ಲಿ ಮೊಬೈಲಿದೆ. ಒಂದು ಮುಗಿದರೆ ಇನ್ನೊಂದು ತಾನಾಗಿ ಬರುತ್ತದೆ. ಆರಿಸುವವರು ಯಾರು? ಒಂದು ಯಂತ್ರ. ಅದು ಕೇಳುವ ಪ್ರಶ್ನೆ ಒಂದೇ: ಈ ಮಗು ಇನ್ನಷ್ಟು ಹೊತ್ತು ಏಳದೆ ಕೂರಬೇಕಾದರೆ ಏನು ತೋರಿಸಬೇಕು? ಆ ಶನಿವಾರದ ಸಾಲಿನಲ್ಲಿ ಏನು ಕೊರತೆಯಿದ್ದರೂ ಮಧ್ಯಾಹ್ನದ ಹೊತ್ತಿಗೆ ಮುಗಿಯುತ್ತಿತ್ತು. ಮಗು ಎದ್ದು ಹೊರಗೆ ಹೋಗುತ್ತಿತ್ತು. ಇದಕ್ಕೆ ಮಧ್ಯಾಹ್ನವೇ ಇಲ್ಲ.

ಹಾಗಾಗಿ ಆರಿಸುವ ಕೆಲಸ ನಮ್ಮ ತಲೆಗೇ ಬಂದಿದೆ. ‘ಇದೂ ಹೆಂಗಸರ ಮೇಲೇ ಬಿತ್ತೇ’ ಎಂದರೆ, ಹೌದು, ಬಿದ್ದಿದೆ, ಆದರೆ ಬಿದ್ದಲ್ಲೇ ಇರಬೇಕಾಗಿಲ್ಲ. ಅಪ್ಪಂದಿರಿಗೂ ಎರಡು ಕಣ್ಣಿವೆ, ಕ್ರಿಕೆಟ್ಟು ಇಲ್ಲದ ದಿನ ಅವು ಬಿಡುವಾಗಿಯೇ ಇರುತ್ತವೆ. ಆರಿಸುವುದಕ್ಕೆ ಬಿ.ಎಡ್. ಬೇಕಾಗಿಲ್ಲ. ಒಂದು ಕಂತು ಮುಗಿದ ಮೇಲೆ ಮಗುವನ್ನು ‘ಏನಾಯ್ತು ಹೇಳು’ ಎಂದು ಕೇಳಿ. ಕಥೆ ಹೇಳಿದರೆ ಅದರಲ್ಲಿ ಕಥೆಯಿತ್ತು. ಬರೀ ‘ಡಿಶುಂ ಡಿಶುಂ’ ಎಂದರೆ ಇರಲಿಲ್ಲ. ಅದರಲ್ಲಿರುವ ಹುಡುಗಿ ತಾನಾಗಿ ಏನಾದರೂ ಮಾಡುತ್ತಾಳೋ, ಅಥವಾ ‘ಕಾಪಾಡಿ’ ಎನ್ನಲಿಕ್ಕಷ್ಟೇ ಇದ್ದಾಳೋ ನೋಡಿ. ಮುಗಿದ ಮೇಲೆ ಮಗು ಅಂಗಡಿಯ ಕಡೆ ಕೈ ತೋರಿಸುತ್ತದೋ, ಅಂಗಳದಲ್ಲಿ ಅದನ್ನೇ ಆಟ ಕಟ್ಟುತ್ತದೋ ನೋಡಿ. ಕನ್ನಡದಲ್ಲಿ ಸಿಗುವುದಾದರೆ ಕನ್ನಡದಲ್ಲೇ ಹಾಕಿ. ಸಿಗದಿದ್ದರೆ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಮಾತಾಡಿ.

ಆದರೆ ಮನೆಯಲ್ಲಿ ಆರಿಸಿಬಿಟ್ಟರೆ ಚಾನೆಲ್ಲಿನವರೂ ಸರ್ಕಾರದವರೂ ಕೈತೊಳೆದುಕೊಂಡು ಕೂರಬಾರದು. ಪಠ್ಯಪುಸ್ತಕಕ್ಕೆ ಸಮಿತಿ ಮಾಡುವವರು, ಮಕ್ಕಳ ಕಾರ್ಯಕ್ರಮಕ್ಕೂ ಮಕ್ಕಳನ್ನು ಬಲ್ಲವರನ್ನು ಕೂರಿಸಲಿ. ಅಂಗನವಾಡಿಯ ಕಾರ್ಯಕರ್ತೆ, ಮಕ್ಕಳ ಪುಸ್ತಕ ಬರೆಯುವವರು, ಗ್ರಂಥಾಲಯದವರು, ಒಬ್ಬ ಕಣ್ಣಿನ ಡಾಕ್ಟರು ಇರಲಿ. ಇಂಥವರ ಕೈಗೆ ಮೊದಲು ಕತ್ತರಿ ಕೊಡಬೇಡಿ. ನಮ್ಮೂರಿನ ದರ್ಜಿ ಬಟ್ಟೆ ಮುಟ್ಟುವ ಮುಂಚೆ ಟೇಪು ಹಿಡಿದು ಮಗುವನ್ನು ಹತ್ತಿರ ಕರೆದು ನಿಲ್ಲಿಸಿಕೊಳ್ಳುತ್ತಾನೆ, ಭುಜ ನೋಡುತ್ತಾನೆ, ಉದ್ದ ನೋಡುತ್ತಾನೆ, ಬೆಳೆಯುವ ಮಗುವೆಂದು ಒಂದಿಂಚು ಬಟ್ಟೆ ಒಳಗೆ ಮಡಿಸಿಡುತ್ತಾನೆ. ಅಮೆರಿಕದ ಶನಿವಾರದ ಬೆಳಗಿಗೆ ಕತ್ತರಿ ಹಿಡಿದವರು ಆ ಟೇಪನ್ನು ಒಮ್ಮೆಯೂ ಕೈಗೆತ್ತಿಕೊಳ್ಳಲಿಲ್ಲ. ನಮ್ಮ ಮಕ್ಕಳಿಗೆ ಆರಿಸುವವರು ಅಲ್ಲಿಂದ ಶುರುಮಾಡಲಿ.